ಟವೆಲಿನೊಳಗಿನ ಕೈ ಮತ್ತು ನಮ್ಮ ಅಕ್ಕೋರು

೧೯೮೯ರಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಲ್ಲಿಂದ ತಂದದ್ದು ಕೆಂಪಗಾದ ಎಡಗಿವಿ ಒಂದೇ. ಸೀಮೆಸುಣ್ಣ ಹಿಡಿದು ಹಿಡಿದು, ಪಾಠ ಹೇಳುತ್ತಿದ್ದ ನಮ್ಮ ಅಕ್ಕೋರ ಹೆಬ್ಬೆರಳು, ತೋರುಬೆರಳು ಬೆಳ್ಳಗೆ ಒರಟಾಗಿದ್ದವು. ಹಿಂಡಿದರೆ ಕಿವಿಗೂ ಪೌಡರ್ ಹತ್ತುತ್ತಿತ್ತು.

ಮುಂದೆ ದನದ ದಲಾಲಿಯಾದೆ. ಲಿಂಗಸುಗೂರು, ಸಿಂಧನೂರು, ಯಾವ ಸಂತೆಯಲ್ಲೂ ನನ್ನ ಮಾತು ನಡೆಯುತ್ತದೆ. ದುಡಿದು ಗಳಿಸಿದ್ದು, ಯಾರೂ ಕೊಟ್ಟದ್ದಲ್ಲ. ನಮ್ಮಲ್ಲಿ ದರ ಬಾಯಿಂದ ಹೇಳುವುದಿಲ್ಲ, ಟವೆಲ್ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಹೇಳುತ್ತೇವೆ. ಕೈ ಬೆವೆತರೆ ಅವನಿಗೆ ದುಡ್ಡಿನ ಗರಜು, ತುರ್ತು ಇದೆ ಎಂದೇ ಲೆಕ್ಕ. ಮೂರು ವರ್ಷದ ಹಿಂದೆ ನನ್ನ ಕೈಯೇ ಬೆವೆತು ನಡುಗತೊಡಗಿತು. ಡಾಕ್ಟರು ಬಿ.ಪಿ. ಎಂದು ಗುಳಿಗೆ ಕೊಟ್ಟರು. ಸಂತೆಯಲ್ಲಿ ಸುದ್ದಿ ಹಬ್ಬಿತು: "ಅವನ ಟವೆಲ್ನಾಗ ಕೈ ಹಾಕ್ರಿ, ಎಷ್ಟಕ್ಕ ಕೇಳಿದ್ರೂ ಕೊಡ್ತಾನ." ಹೀಗೇ ಮುಂದುವರಿದಿದ್ದರೆ ಕಸುಬೇ ಹೋಗುತ್ತಿತ್ತು.

ಅಕ್ಕೋರು ರಿಟೈರಾಗಿ ಮಸ್ಕಿಯಲ್ಲಿ ಮಾಳಿಗೆ ಮೇಲೆ ಹೆಂಗಸರಿಗೆ ಯೋಗ ಕಲಿಸುತ್ತಿದ್ದರು. ಹೆಂಡತಿ ಎಳೆದುಕೊಂಡು ಹೋದಳು. ಗಂಡಸು ನಾನೊಬ್ಬನೇ.

"ಬಾರಪಾ ಸಾಹುಕಾರ. ಅವತ್ತು ಓಡಿ ಹೋದಾಂವ ಈಗ ಬಂದಿ?" ಎಂದರು. ಹೆಂಗಸರೆಲ್ಲ ನಕ್ಕರು.

ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ತೊಡೆ ಮೇಲೆ ಇಡಲು ಹೇಳಿದರು. ಚಿನ್ಮುದ್ರೆಯಂತೆ. ಅವರ ಬೆರಳು ಸೂಜಿಗೆ ದಾರ ಪೋಣಿಸುವಂತೆ ಕೂಡಿದವು. ನನ್ನವು ಹಗ್ಗದ ಗಂಟು.

"ಬೆರಳು ಕೂಡಿಸಿದ್ರ ಬಿ.ಪಿ. ಇಳಿತೈತೇನ್ರಿ ಅಕ್ಕೋರೆ?"

"ಬೆರಳು ಏನ್ ಮಾಡ್ತಾವ? ನಿನ್ನ ಮನಸ್ಸು ಸಂತಿ ಹೋರಿ ಇದ್ದಂಗ ಐತಿ. ಕಟ್ಟಾಕ ಗೂಟ ಬೇಕಲ್ಲ, ಅದಕ್ಕ. ಎಳಕೊಳ್ಳೋದಕ್ಕಿಂತ ಬಿಡೂ ಉಸುರು ಉದ್ದ ಇರ್ಲಿ. ಗುಳಿಗಿ ಮಾತ್ರ ಬಿಡಬ್ಯಾಡ."

ಮೊದಮೊದಲು ಕೂತಲ್ಲೇ ಗೊರಕೆ ಹೊಡೆದು ಬೈಸಿಕೊಂಡೆ. ಬರಬರುತ್ತ ಬಿಗಿದ ಹೆಗಲು ಇಳಿಯಿತು, ರಾತ್ರಿ ನಿದ್ದೆ ಹತ್ತಿತು, ಅಂಗೈ ಒಣಗಿತು.

ಲಿಂಗಸುಗೂರು ಸಂತೆಯಲ್ಲಿ ಎತ್ತು ಕೊಳ್ಳಲು ಬಂದ ಗುರುಗುಂಟಾದ ರೈತನೊಬ್ಬ ಟವೆಲೊಳಗೆ ತೀರ ಕಡಿಮೆ ದರ ಹಿಡಿದ. ಮೊದಲಾಗಿದ್ದರೆ ಕೂಗಾಡುತ್ತಿದ್ದೆ. ಈಗ ಕಣ್ಣು ಮುಚ್ಚಿ ಮೆಲ್ಲಗೆ ಉಸಿರು ಬಿಡುತ್ತ ನಿಂತೆ. ಆ ಉಸಿರು ಮುಗಿಯಲೇ ಇಲ್ಲ.

"ಯಾಕಪಾ, ಹುಷಾರ್ ಅದಿಯಿಲ್ಲೋ?" ಎಂದ. ನಾನು ಇನ್ನೂ ಉಸಿರು ಬಿಡುತ್ತಲೇ ಇದ್ದೆ. ಅವನು ಗಾಬರಿಯಾಗಿ ತಾನೇ ದರ ಏರಿಸಿ ಇನ್ನೊಂದು ಬೆರಳು ಜಾಸ್ತಿ ಹಿಡಿದ.

ಇದನ್ನು ಮಾಳಿಗೆ ಮೇಲೆ ಠೀವಿಯಿಂದ ಹೇಳಿದೆ. ಅಷ್ಟೂ ಹೆಂಗಸರ ಮುಂದೆ ಅಕ್ಕೋರು, ಐವತ್ತರ ಹತ್ತಿರ ಬಂದ ನನ್ನ ಕಿವಿ ಹಿಂಡಿದರು. "ನೀ ಬದುಕ್ಲಿ ಅಂತ ಕಲಿಸೀನಲೇ, ಮಂದಿನ್ನ ಹೆದರಸಾಕ ಅಲ್ಲ." ಅಂದಿನಿಂದ ದರ ಮಾತಾಡುವಾಗ ಕಣ್ಣು ತೆರೆದೇ ಉಸಿರು ಬಿಡುತ್ತೇನೆ.

ಹೋದ ಚಳಿಗಾಲ ಸಿಂಧನೂರಿನಲ್ಲಿ ಒಂದು ಕೈ ಟವೆಲಿನಲ್ಲಿರುವಾಗಲೇ ಹೆಂಡತಿಯ ಫೋನು ಬಂತು. ಅಕ್ಕೋರು ತೀರಿಕೊಂಡಿದ್ದರು.

"ಯಾಕೋ ಮಾರಾಯ, ಕೈ ನಡಗಾಕತ್ತೈತಿ," ಎಂದ ಎದುರಿನವನು.

"ಇವತ್ತೊಂದಿನ ನಡಗ್ಲಿ ಬಿಡು," ಎಂದೆ. ಟವೆಲ್ ಹೆಗಲಿಗೆ ಹಾಕಿ ಮಸ್ಕಿ ಬಸ್ ಹತ್ತಿದೆ.

ಈಗ ನನ್ನ ಹತ್ತಿರ ಎರಡು ಜೋಡಿ ಎತ್ತು, ಮೂರು ಎಮ್ಮೆ, ಒಂದು ಟಂಟಂ ಗಾಡಿ, ದಿನಾ ಬೆಳಿಗ್ಗೆ ಉಸಿರು ಬಿಡಲು ಹಾಸುವ ಒಂದು ಚಾಪೆ ಇವೆ.