ಒಂದೇ ಬಣ್ಣದ ಎರಡು ದೀಪ

ನೇಕಾರರ ಮನೆಯಲ್ಲಿ ಹುಟ್ಟಿಯೂ ನಾನು ಮಗ್ಗಕ್ಕೆ ಬೇಡವಾದವನು. ಅಪ್ಪ ಕೆಂಪು ನೂಲು ಕೇಳಿದರೆ ಹಸಿರು ಕೊಡುತ್ತಿದ್ದೆ. ಬೈದರೂ ಹೊಡೆದರೂ ಅದೇ ತಪ್ಪು. 'ಇವಗ ಕೆಲಸದ ಮ್ಯಾಲ ಲಕ್ಷ್ಯನ ಇಲ್ಲ' ಎಂದು ಬೇಸತ್ತು, ಇಳಕಲ್ಲಿನಿಂದ ನನ್ನನ್ನು ಬಾಗಲಕೋಟೆಯ ಸೋದರಮಾವನ ಮನೆಗೆ ಓದಲು ಕಳಿಸಿದ. ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ನಮ್ಮೂರಿಗಾಗಲಿ ತಾಲೂಕಿನ ಊರಾದ ಹುನಗುಂದಕ್ಕಾಗಲಿ ರೈಲು ಇರಲಿಲ್ಲ. ಬಾಗಲಕೋಟೆಯ ಸ್ಟೇಷನ್ನಿನಲ್ಲಿ ಮೊದಲ ಸಲ ಎಂಜಿನ್ ನೋಡಿದ ಮೇಲೆ ನನಗೆ ಬೇರೆ ಯಾವುದೂ ರುಚಿಸಲಿಲ್ಲ. ಸಾಲೆ ಬಿಟ್ಟೊಡನೆ ಅಲ್ಲಿಗೇ ಓಡುತ್ತಿದ್ದೆ. ಗದಗಿನ ಕಡೆಯಿಂದ ಗಾಡಿ ಬರುವ ಮೊದಲು ಹಳಿಯಲ್ಲಿ ಏಳುವ ಸಣ್ಣ ನಡುಕ, ನೀರು ತುಂಬಿಕೊಳ್ಳುವಾಗ ಎಂಜಿನ್ನು ಬಿಡುವ ಉಸಿರು, ಬಿಸಿ ಎಣ್ಣೆಯ ವಾಸನೆ, ಇವೆಲ್ಲ ನನ್ನವೇ ಅನ್ನಿಸುತ್ತಿತ್ತು. ಮಾವನ ಪಕ್ಕದ ಮನೆಯ ಗೆಳೆಯನೂ ಜೊತೆಗೆ ಬರುತ್ತಿದ್ದ. ಅವರದು ಹೊಲಿಗೆ ಅಂಗಡಿ. ಅವನಿಗೆ ರೈಲಿಗಿಂತ ಸ್ಟೇಷನ್ನಿನ ಚಹಾದ ಮೇಲೆ ಪ್ರೀತಿ.

ಮ್ಯಾಟ್ರಿಕ್ ಮುಗಿದ ಮೇಲೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರಮನ್ ಕೆಲಸಕ್ಕೆ ಅರ್ಜಿ ಹಾಕಿದೆ. ಒಬ್ಬನೇ ಹೋಗಲು ಅಂಜಿ ಗೆಳೆಯನಿಂದಲೂ ಹಾಕಿಸಿದೆ.

"ನಾ ಯಾಕಲೇ? ನನಗೇನು ಮೈ ಸುಟ್ಕೊಳ್ಳೋ ಹುಚ್ಚೇನು?"

"ಸುಮ್ಮ ಜೋಡಿಗೆ ಬಾ. ಹುಬ್ಬಳ್ಳಿ ನೋಡಿದಂಗಾಗ್ತದ."

ಹುಬ್ಬಳ್ಳಿಯಲ್ಲಿ ಮಾತಿನ ಪರೀಕ್ಷೆಯನ್ನು ಇಬ್ಬರೂ ದಾಟಿದೆವು. ಆಮೇಲೆ ಕಣ್ಣಿನ ಪರೀಕ್ಷೆ. ಡಾಕ್ಟರು ವಯಸ್ಸಾದವರು, ಮೆತ್ತಗಿನ ಮಾತಿನವರು. ಬಣ್ಣದ ಚುಕ್ಕಿಗಳಿದ್ದ ಹಾಳೆ ತೋರಿಸಿ ಒಳಗಿನ ಅಂಕಿ ಓದು ಎಂದರು. ನನಗೆ ಬರೀ ಚುಕ್ಕಿಗಳು ಕಂಡವು. ಕತ್ತಲೆ ಕೋಣೆಗೆ ಕರೆದೊಯ್ದು ದೂರದಲ್ಲಿ ಒಂದು ಪುಟ್ಟ ದೀಪ ಹಚ್ಚಿದರು, ಆರಿಸಿ ಇನ್ನೊಂದು ಹಚ್ಚಿದರು.

"ಎರಡೂ ಒಂದ ಅದಾವಲ್ರಿ," ಎಂದೆ.

ಅವರು ದೀಪ ಆರಿಸಿ ಕಿಟಕಿ ತೆರೆದರು. "ಒಂದು ಕೆಂಪು, ಒಂದು ಹಸರು, ತಮ್ಮಾ. ಇದು ಹುಟ್ಟಿನಿಂದ ಬಂದದ್ದು. ಔಷಧ ಇಲ್ಲ."

"ಸಿಗ್ನಲ್ ಕಂಬದ ಕೈ ಇಳಿದು ಗಾಡಿಗೆ ದಾರಿ ಬಿಟ್ಟದ್ದು ನನಗ ಭಾಳ ದೂರದಿಂದ ಕಾಣಸ್ತದ್ರಿ."

"ಹಗಲಿನ್ಯಾಗ ಖರೆ. ರಾತ್ರಿ ಕೈ ಕಾಣೂದಿಲ್ಲ. ದೀಪ ಅಷ್ಟ ಕಾಣಸ್ತದ."

ಹೊರಗೆ ಬಂದರೆ ಗೆಳೆಯ ಪಾಸಾಗಿ ನಿಂತಿದ್ದ. ಅವನ ಮುಖದಲ್ಲಿ ಖುಷಿಯೇನೂ ಇರಲಿಲ್ಲ. "ಬ್ಯಾಡಂದ್ರ ಅಪ್ಪ ಹೊಡೀತಾನ," ಎಂದ. ನೌಕರಿಗೆ ಸೇರಿದ.

ಇಳಕಲ್ಲಿಗೆ ಹೋಗಿ ಅಪ್ಪನಿಗೆ ವಿಷಯ ಹೇಳಿದೆ. ಅವನು ಲಾಳಿ ನಿಲ್ಲಿಸಿ ನನ್ನ ಕಣ್ಣುಗಳನ್ನು ದಿಟ್ಟಿಸಿ ನೋಡಿದ. "ಹಂಗಾದ್ರ ಆಗ ನಿನ್ನ ಹೊಡದದ್ದು," ಎಂದು ಶುರುಮಾಡಿ, ಮಾತು ಮುಗಿಸದೆ ಮತ್ತೆ ನೇಯತೊಡಗಿದ. ಆ ಮಾತನ್ನು ಅವನು ಮುಂದೆಂದೂ ಮುಗಿಸಲಿಲ್ಲ. ನಾನು ಅದಕ್ಕಾಗಿ ಎಷ್ಟೋ ವರ್ಷ ಕಾದೆ.

ಕೆಲವು ವರ್ಷ ಕಳೆದು ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ಮಾಸ್ತರನಾದೆ. ರಜೆಯ ದಿನ ಬಾದಾಮಿ ಸ್ಟೇಷನ್ನಿಗೆ ನಡೆದುಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಒಮ್ಮೆ ನಿಂತ ಎಂಜಿನ್ನಿನಿಂದ ಗೆಳೆಯ ಇಣುಕಿದ. ಮುಖವೆಲ್ಲ ಮಸಿ.

"ಬಾರಲೇ, ಮ್ಯಾಲ ಹತ್ತು. ಯಾರೂ ಏನೂ ಅನ್ನೂದಿಲ್ಲ."

ಹತ್ತಿದೆ. ಕುಲುಮೆಯ ಬಾಗಿಲು ತೆರೆದಾಗ ಕಾವು ಎದೆಗೆ ಬಡಿಯಿತು. ಬಾಲ್ಯದುದ್ದಕ್ಕೂ ಕನಸಿನಲ್ಲಿ ಕಂಡ ಜಾಗ ಅದು. ಅವನು ಸಲಿಕೆ ಕೆಳಗಿಟ್ಟು ಮಗ್ಗುಲಿಗೆ ಉಗುಳಿದ.

"ಉಗುಳಿದ್ರ ಸೈತ ಕರೇದ ಬರ್ತದ. ಬೆನ್ನ ಹಿಡದಬಿಟ್ಟೈತಿ. ನೀ ಪಾರಾದಿ ನೋಡು, ನೆಳ್ಳಾಗ ಕುಂತು ಪಾಠ ಹೇಳೂದು."

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಆ ಗಳಿಗೆಯಲ್ಲಿ ಅವನನ್ನು ದ್ವೇಷಿಸಿದಷ್ಟು ಬೇರೆ ಯಾರನ್ನೂ ನಾನು ದ್ವೇಷಿಸಿರಲಿಲ್ಲ. ಗಾರ್ಡನ ಸೀಟಿ ಕೇಳಿತು, ಇಳಿದೆ. ಮುಂದೆ ಅವನ ಗಾಡಿ ಬರುವ ಹೊತ್ತಿಗೆ ಸ್ಟೇಷನ್ನಿಗೆ ಹೋಗುವುದನ್ನೇ ಬಿಟ್ಟೆ.

ಆ ಮೀಟರ್ ಗೇಜಿನ ಸಣ್ಣ ಹಳಿ ಈಗಿಲ್ಲ, ಕಲ್ಲಿದ್ದಲಿನ ಎಂಜಿನ್ನುಗಳೂ ಇಲ್ಲ. ಹೋದ ವರ್ಷ ಬೇರೊಂದು ಊರಿನಲ್ಲಿ ಅಂಥದೇ ಹಳೆಯ ಎಂಜಿನ್ನೊಂದನ್ನು ತೊಳೆದು ಬಣ್ಣ ಬಳಿದು ಉದ್ಯಾನದಲ್ಲಿ ನಿಲ್ಲಿಸಿದ್ದಾರೆಂದು ಮೊಮ್ಮಗಳು ಕರೆದೊಯ್ದಳು. ಜನ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕುಲುಮೆಯೊಳಗೆ ಯಾರೋ ಚಿಪ್ಸಿನ ಚೀಲ ಎಸೆದಿದ್ದರು.

"ಅಜ್ಜಾ, ನೀ ಹತ್ತೂದಿಲ್ಲೇನು? ನಿನಗ ರೈಲು ಅಂದ್ರ ಜೀವ ಅಲ್ಲ?"

"ಮೊಣಕಾಲು ನೋಯ್ತಾವವ್ವಾ," ಎಂದೆ. ಮೊಣಕಾಲು ನೋಯುತ್ತಿರಲಿಲ್ಲ.