ಕಡಲ ಮರಳಿನಲ್ಲಿ ನಿಲ್ಲಿಸಿದ ಗಾಡಿ

ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಮಿಲಿಟರಿ ವ್ಯಾನೊಂದು ನಮ್ಮ ಮನೆಯಲ್ಲಿತ್ತು. ಕಂಬಳಿ ವ್ಯಾಪಾರಕ್ಕೆ ಊರೂರು ತಿರುಗುವಾಗ ಗಂಡಸರು ಅದರಲ್ಲೇ ಮಲಗುತ್ತಿದ್ದರು. ಹಿಂದುಗಡೆ ಕಿರಿದಾದ ಮಂಚ, ಬತ್ತಿ ಸ್ಟೋವು, ಕಿಟಕಿಗೆ ನಾನೇ ಹೊಲಿದ ನೀಲಿ ಪರದೆ. ಓಡಿಸುವುದನ್ನು ತವರಿನಲ್ಲಿ ಅಪ್ಪ ಕಲಿಸಿದ್ದರು. ಐವತ್ತರ ದಶಕದ ಒಂದು ಚಳಿಗಾಲ, ನಾವು ಗಂಡ ಹೆಂಡತಿ ಇಬ್ಬರೂ ಮಾಲವಣಕ್ಕೆ ಹೋಗಿ ಸಮುದ್ರ ನೋಡುವುದೆಂದು ನಿಶ್ಚಯವಾಗಿತ್ತು. ಹೊರಡುವ ಹೊತ್ತಿಗೆ ನಮ್ಮವರಿಗೆ ಉಣ್ಣೆ ಖರೀದಿಯ ಕೆಲಸ ಬಂತು. ಪಯಣ ನಿಂತಿತೆಂದು ನಾನು ಪರದೆ ಬಿಚ್ಚತೊಡಗಿದೆ.

“ಬಿಚ್ಚಬ್ಯಾಡ,” ಅಂದರು ಅತ್ತೆ. “ಒಬ್ಬಾಕಿನ ಹೋಗು. ಅಲ್ಲಿ ಸಮುದ್ರದ ನಡುವಿನ ಕ್ವಾಟ್ಯಾಗ ಸಿಹಿ ನೀರಿನ ಬಾವಿ ಐತಂತ. ನಂಗರ ನಂಬಿಗಿಲ್ಲ. ಒಂದು ತಂಬಿಗಿ ತುಂಬಿಕೊಂಡು ಬಾ.”

ಮೈದುನ ಚಾವಿ ಕೊಡುವಾಗ ನನ್ನ ಮುಖ ನೋಡಲಿಲ್ಲ. “ವೈನಿ, ಗಾಡಿಗಿ ಏನರ ಆತಂದ್ರ ಮತ್ತ ಈ ಚಾವಿ ಕೇಳಬ್ಯಾಡ್ರಿ.”

ಎರಡು ದಿನದ ದಾರಿ. ಘಟ್ಟ ಇಳಿದು, ಬೆಳಗಾಗುವಾಗ ಮಾಲವಣದ ದಂಡೆ ಮುಟ್ಟಿದೆ. ಕಣ್ಣು ಹಾಯುವಷ್ಟೂ ಗಟ್ಟಿಯಾದ, ಸಮತಟ್ಟಾದ ಮರಳು. ನೀರು ಎಲ್ಲೋ ದೂರದಲ್ಲಿ ಬೆಳ್ಳಿಯ ಗೆರೆಯಂತೆ. ನಮ್ಮ ಕಡೆಯ ಮಾಡಗ್ಯಾಳದ ಸಂತೆಗೆ ಹೋದರೆ ನಮ್ಮ ಗಾಡಿ, ಬಂಡಿಗಳೆಲ್ಲ ಒಣಗಿದ ಹಳ್ಳದ ಮರಳಿನಲ್ಲೇ ನಿಲ್ಲುತ್ತವೆ. ಅದೇ ರೂಢಿಯಲ್ಲಿ ಇಳಿದು ವ್ಯಾನು ನಿಲ್ಲಿಸಿದೆ. ಅದರ ಮೆಟ್ಟಿಲ ಮೇಲೆ ಕುಳಿತು ಲಿಂಗಪೂಜೆ ಮುಗಿಸಿ, ಅವಲಕ್ಕಿ ತಿಂದು, ತಿರುಪಿನ ಮುಚ್ಚಳದ ತಾಮ್ರದ ತಂಬಿಗೆ ಹಿಡಿದು ನೀರಿನ ಅಂಚಿನವರೆಗೆ ನಡೆದು, ಕೋಟೆಗೆ ಹೋಗುವ ದೋಣಿ ಹತ್ತಿದೆ.

ದೋಣಿಯವನು ಸಣ್ಣ ಸಣ್ಣ ಬಂಡೆಯ ದ್ವೀಪಗಳನ್ನು ಬಳಸಿಕೊಂಡು ಹೋದ. ಒಂದರ ತುಂಬ ಬಿಳಿಯ ಹಕ್ಕಿಗಳು, ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ಕುಳಿತಿದ್ದವು. ಇನ್ನೊಂದರ ಬಿರುಕಿನಲ್ಲಿ ಒಂದೇ ಒಂದು ಹಸಿರು ಗಿಡ. ಆ ಗಿಡಕ್ಕೆ ನೀರು ಯಾರು ಕೊಡುತ್ತಾರೆ ಎಂದು ಯೋಚಿಸುತ್ತಿರುವಾಗಲೇ ಕೋಟೆಯ ಗೋಡೆ ಎದುರು ನಿಂತಿತು. ಒಳಗೆ ಬಾವಿ. ಸುತ್ತಲೂ ಉಪ್ಪು ಸಮುದ್ರ, ನಡುವೆ ಕೊಡ ಇಳಿಸಿ ನೀರು ಸೇದುವ ಹೆಂಗಸರು. ಬೊಗಸೆಯಲ್ಲಿ ಕುಡಿದೆ. ನಮ್ಮೂರ ಬಾವಿಗಿಂತ ಸಿಹಿ! ಮತ್ತೊಂದು ಬೊಗಸೆ ಕುಡಿದೆ. ತಂಬಿಗೆ ತುಂಬಿ, ಗೋಡೆ ಹತ್ತಿ ದಂಡೆಯ ಕಡೆ ನೋಡಿದೆ.

ಮರಳೇ ಇರಲಿಲ್ಲ. ನನ್ನ ವ್ಯಾನು ನೀರಿನಲ್ಲಿ ನಿಂತಿತ್ತು.

ಮಳೆಯಿಲ್ಲ, ಮೋಡವಿಲ್ಲ, ಸದ್ದಿಲ್ಲ. ನಮ್ಮ ಕಡೆ ಹಳ್ಳಕ್ಕೆ ನೀರು ಬರುವುದಾದರೆ ಗುಡುಗಿ, ಗದ್ದಲ ಮಾಡಿ ಬರುತ್ತದೆ. ಇದು ಹಾಲು ಉಕ್ಕಿದಂತೆ ತಾನೇ ಮೇಲೇರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಹಲಗೆಯ ಮೇಲೆ ಚಂದ್ರನನ್ನು ಬರೆದು ಉಬ್ಬರವಿಳಿತ ಕಲಿಸಿದ್ದರು. ನಾನು ಅದನ್ನು ಗಿಣಿಯಂತೆ ಒಪ್ಪಿಸಿ ಶಭಾಸ್ ಅನ್ನಿಸಿಕೊಂಡಿದ್ದೆ. ಮೈದುನನ ಮಾತು ನೆನಪಾಯಿತು. ಹೆದರಿಕೆಯ ನಡುವೆಯೂ, ಇಷ್ಟು ದೊಡ್ಡದೊಂದು ಇಷ್ಟು ಮೆಲ್ಲಗೆ ನಡೆಯುವುದನ್ನು ನೋಡದೆ ಇರಲಾಗಲಿಲ್ಲ.

ದಂಡೆಗೆ ಮರಳಿದಾಗ ಮೀನುಗಾರರು ಆಗಲೇ ವ್ಯಾನಿಗೆ ಬಲೆಯ ಹಗ್ಗ ಬಿಗಿದಿದ್ದರು. ಗಂಡಸರು, ಹೆಂಗಸರು ಸೇರಿ ಎಳೆದರು, ನಾನೂ ಸೆರಗು ಸಿಕ್ಕಿಸಿ ಎಳೆದೆ. ಬಾಗಿಲ ಮೆಟ್ಟಿಲು ಮುಳುಗುವ ಮೊದಲು ವ್ಯಾನು ಮೇಲೆ ಬಂತು. ಒಬ್ಬ ಅಜ್ಜಿ ಮರಾಠಿಯಲ್ಲಿ ಕೇಳಿದಳು, “ನಿಮ್ಮೂರಲ್ಲಿ ಗಾಡಿಗೂ ಸ್ನಾನ ಮಾಡಿಸುತ್ತೀರೇನು, ತಾಯೀ?” ಎಲ್ಲರೂ ನಕ್ಕರು. ನನಗೂ ನಗು ಬಂತು.

ಮನೆಯಲ್ಲಿ ಯಾರೂ ಕೇಳುವ ಮೊದಲೇ ಎಲ್ಲ ಹೇಳಿಬಿಟ್ಟೆ. ಚಾವಿಯನ್ನು ಮೈದುನನ ಮುಂದೆ ಇಟ್ಟೆ. ಅವನು ಹೋಗಿ ಚಕ್ರದ ಮೇಲಿನ ಬಿಳಿಯ ಪುಡಿ ಕೆರೆದು ನೋಡಿದ.

“ನಾಲಿಗಿಗಿ ಹಚ್ಚಿ ನೋಡೋ,” ಅಂದರು ಅತ್ತೆ. ಹಚ್ಚಿದ, ಉಪ್ಪಿಗೆ ಮುಖ ಕಿವುಚಿದ. ಆಮೇಲೆ ಅವನ ಅಂಗೈಗೆ ತಂಬಿಗೆಯ ನೀರು ಹನಿಸಿದರು.

ಅವನು ಕುಡಿದು ತಾಯಿಯನ್ನು ನೋಡಿದ. “ಎರಡೂ ಒಂದ ಜಾಗಾದಾಗ?”

“ಒಂದ ಜಾಗಾದಾಗ,” ಅಂದೆ.

ಅಂಗೈಯಲ್ಲಿ ಉಳಿದ ಹನಿಯನ್ನೂ ನೆಕ್ಕಿದ. ಕೊನೆಗೆ ಚಾವಿ ಎತ್ತಿ ನನ್ನ ಕಡೆ ಚಾಚಿದ. “ಮುಂದಿನ ಸಲ ಅವ್ವನ್ನೂ ಕರಕೊಂಡು ಹೋಗ್ರಿ ವೈನಿ. ಗಾಡಿ ಮಾತ್ರ ದಿಬ್ಬದ ಮ್ಯಾಲ ನಿಲ್ಲಸ್ರಿ.”