ಹೆಸರು ಕೆರೆದ ಪ್ಲೇಟುಗಳು

ಲಂಡನ್ನಿನ ವೆಂಬ್ಲಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯ ಆಚೆ ಒಬ್ಬರೇ ಇದ್ದ ಹಿರಿಯರು ಹುಡುಗರಾಗಿದ್ದಾಗಲೇ ಜಮೈಕಾದಿಂದ ಬಂದು ಇಲ್ಲಿಯೇ ಮುದುಕರಾದವರು. ನಾನು ಧಾರವಾಡದಿಂದ ಮಗನ ಮನೆಗೆ ಬಂದ ಹೊಸದರಲ್ಲಿ, ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ ಸರಿಯಾಗಿ ಅವರ ಹಾಡು ಶುರುವಾಗುತ್ತಿತ್ತು. ಹಾಡು ಅಂದೆ, ಆದರೆ ಹಾಡುವವರು ಯಾರೂ ಇರುತ್ತಿರಲಿಲ್ಲ. ನೆಲದೊಳಗಿಂದ ಏನೋ ಎದ್ದು ಬಂದು ಮೊಣಕಾಲಿನಲ್ಲಿ ಕೂತುಕೊಳ್ಳುತ್ತಿತ್ತು, ಅಷ್ಟೇ. ಮಗ ಕೌನ್ಸಿಲ್‌ಗೆ ದೂರು ಕೊಡುತ್ತೇನೆ ಎಂದ. ದೂರು ಕೊಡುವ ಮೊದಲು ಆಸಾಮಿಯನ್ನು ಕಣ್ಣಾರೆ ನೋಡಬೇಕಲ್ಲ? ತಾಟಿನಲ್ಲಿ ಶೇಂಗಾ ಹೋಳಿಗೆ ಹಾಕಿಕೊಂಡು ನಾನೇ ಹೋಗಿ ಬೆಲ್ ಒತ್ತಿದೆ.

ಅವರದು ಜಮೈಕಾ ಇಂಗ್ಲಿಷು, ನನ್ನದು ಧಾರವಾಡ ಇಂಗ್ಲಿಷು. ಲಂಡನ್ನಿನವರಿಗೆ ಎರಡೂ ತಿಳಿಯುವುದಿಲ್ಲ, ನಮ್ಮಿಬ್ಬರಿಗೆ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ನನ್ನ ಕಿವಿಗೆ ಅವರ ಮಾತು ನಮ್ಮೂರಿನವರ ಮಾತಿನ ಹಾಗೆಯೇ ಬೀಳುತ್ತಿದ್ದುದರಿಂದ ಇಲ್ಲಿ ಹಾಗೆಯೇ ಬರೆಯುತ್ತೇನೆ.

"ಬ್ರದರ್, ನಿಮ್ಮ ಹಾಡು ಶುರು ಆತಂದ್ರ ನಮ್ಮನಿ ಡಬ್ಬಿ ಮುಚ್ಚಳೆಲ್ಲಾ ಭಜನಿ ಮಾಡತಾವ್ರಿ."

ಅವರು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, "ಹಂಗಾದ್ರ ನಿಮ್ಮ ಡಬ್ಬಿಗೋಳ ಕಿವಿ ಚಲೋ ಅದಾವ, ಸಿಸ್ಟರ್. ಒಳಗ ಬರ್ರಿ," ಎಂದರು.

ಒಳಗೆ ಮುಂದಿನ ಕೋಣೆಯ ತುಂಬ ಕಪಾಟಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆಗಳು. ಎಲ್ಲವೂ ಅವರೇ ಹಲಗೆ ಕೊಯ್ದು ಮಾಡಿದವು. ಅವರು ಹರೆಯದಲ್ಲಿದ್ದಾಗ ಕರಿಯರನ್ನು ಕುಣಿಯುವ ಕ್ಲಬ್ಬುಗಳ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವಂತೆ. ಅದಕ್ಕೇ ಈ ಪೆಟ್ಟಿಗೆಗಳನ್ನು ವ್ಯಾನಿಗೆ ಹಾಕಿಕೊಂಡು ಚರ್ಚಿನ ಹಾಲ್, ಶಾಲೆಯ ಹಾಲ್, ಯಾರದೋ ಮನೆಯ ನೆಲಮಾಳಿಗೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಕಟ್ಟಿ ನಿಲ್ಲಿಸುತ್ತಿದ್ದರು. ಇದಕ್ಕೆ ಸೌಂಡ್ ಸಿಸ್ಟಮ್ ಎನ್ನುತ್ತಾರೆ. ಪೊಲೀಸರು ಎರಡು ಸಲ ಒಡೆದು ಹಾಕಿದ್ದರು. ಎರಡು ಸಲವೂ ಮತ್ತೆ ಕಟ್ಟಿದ್ದರು. ಹಾಡಿನಿಂದ ದನಿಯನ್ನು ಕಿತ್ತು ತೆಗೆದು, ತಾಳ ಮತ್ತು ಆ ಮೊಣಕಾಲಿನ ಗುಡುಗನ್ನು ಮಾತ್ರ ಉಳಿಸುವುದು, ನಡುವೆ ಎಲ್ಲೋ ಒಂದು ಮಾತನ್ನು ಬಿಟ್ಟು ಅದು ಬಾವಿಯಲ್ಲಿ ಕೂಗಿದ ಹಾಗೆ ದೂರ ದೂರ ಹೋಗಿ ಕರಗುವಂತೆ ಮಾಡುವುದು ಅವರ ವಿದ್ಯೆ. ಡಬ್ ಅಂತ ಅದರ ಹೆಸರು. ಈ ಊರಿನಲ್ಲಿ ಅದನ್ನು ಮೊದಮೊದಲು ಮಾಡಿದವರಲ್ಲಿ ಅವರೊಬ್ಬರು. ಈ ವಯಸ್ಸಿನಲ್ಲೂ ಅವರ ಮನೆಗೆ ಎಲ್ಲೆಲ್ಲಿಂದಲೋ ಗಡ್ಡದ ಹುಡುಗರು ಬಂದು ಪೆಟ್ಟಿಗೆಗಳ ಮುಂದೆ ಗರ್ಭಗುಡಿಯ ಮುಂದೆ ನಿಂತ ಹಾಗೆ ನಿಂತು ಹೋಗುತ್ತಿದ್ದರು.

ಗೋಡೆಯುದ್ದಕ್ಕೂ ಗ್ರಾಮಫೋನ್ ಪ್ಲೇಟುಗಳ ಸಾಲು. ಒಂದನ್ನು ಎಳೆದು ನೋಡಿದೆ. ನಡುವಿನ ಲೇಬಲನ್ನು ಉಗುರಿನಿಂದ ಕೆರೆದು ಹಾಕಿದ್ದರು. ಇನ್ನೊಂದೂ ಹಾಗೆಯೇ. ಮತ್ತೊಂದರ ಮೇಲೆ ಏನೂ ಬರೆದೇ ಇರಲಿಲ್ಲ.

"ಇಲಿ ತಿಂದಾವೇನ್ರಿ?"

"ಇಲಿ ನಾನ. ಸೌಂಡ್ ಸೌಂಡಿಗೆ ಪಂದ್ಯ ಇದ್ದಾಗ ಎದುರಾಳಿ ಬಂದು ಬಗ್ಗಿ ನೋಡತಾನ, ಸಿಸ್ಟರ್. ಹೆಸರು ಕಂಡ್ರ ಮರುದಿನಾ ತಾನೂ ಅದನ್ನ ತಂದು ಹಾಕತಾನ."

ನಾನು ನಕ್ಕೆ. ನಮ್ಮ ಕಡೆ ಹಿಂದುಸ್ತಾನಿ ಉಸ್ತಾದರು ಚೀಜಿನ ಎರಡನೆಯ ಭಾಗ, ಅಂತರಾ, ಶಿಷ್ಯರಿಗೆ ಕಲಿಸದೆ ಹೊಟ್ಟೆಯಲ್ಲಿಟ್ಟುಕೊಂಡೇ ಹೋದರು ಎಂದು ಹಿರಿಯರು ಹೇಳುತ್ತಿದ್ದುದು ನೆನಪಾಯಿತು. ವಿದ್ಯೆ ಬಚ್ಚಿಡುವ ಕಳ್ಳರು ಎಲ್ಲ ಊರಲ್ಲೂ ಒಂದೇ ಅಂದುಕೊಂಡೆ. ಅಂದಿನಿಂದ ಮಗನ ದೂರು ಮೂಲೆಗೆ ಬಿತ್ತು. ಗುರುವಾರ ಮಧ್ಯಾಹ್ನ ಅವರ ಮನೆಗೆ ಹೋಗಿ ಕೂರುವುದು ನನ್ನ ರೂಢಿಯಾಯಿತು.

ನಂತರ ಅವರಿಗೆ ಮರೆವು ಹತ್ತಿತು. ಮೊದಲು ಗ್ಯಾಸ್ ಆರಿಸುವುದು, ಆಮೇಲೆ ಅಂಗಡಿಯಿಂದ ಮನೆಯ ದಾರಿ. ಜಿಪಿ ಡಾಕ್ಟರು ರೋಗದ ಹೆಸರು ಹಿಡಿದೇ ಹೇಳಿದರು. ಮನೆ ಬಾಡಿಗೆಯದು. ಅದನ್ನು ಖಾಲಿ ಮಾಡಿ ಅವರನ್ನು ಕೇರ್ ಹೋಮಿಗೆ ಸೇರಿಸುವುದೆಂದು ಅವರ ಒಬ್ಬಳೇ ಮಗಳು ತೀರ್ಮಾನ ಮಾಡಿದಳು. ಆಗ ಅವರು ಒಂದೇ ಹಟ ಹಿಡಿದರು.

ಆ ಪ್ಲೇಟುಗಳಲ್ಲಿ ಒಂದರಲ್ಲಿ ಅವರ ಹೆಂಡತಿಯ ದನಿ ಇತ್ತು. ಆಕೆ ತೀರಿಕೊಂಡು ಬಹಳ ವರ್ಷವಾಗಿತ್ತು. ಹಾಲ್‌ಗಳಲ್ಲಿ ಬಾಗಿಲು ಕಾಯುತ್ತಿದ್ದವಳು, ಒಂದು ದಿನ ಪ್ಲೇಟು ಕೊರೆಯುವ ಸ್ಟುಡಿಯೋಗೆ ಗಂಡನ ಜೊತೆ ಹೋಗಿ, ಹಾಡಿನ ಮೊದಲಿಗೆ ಅವರ ಸೌಂಡ್ ಸಿಸ್ಟಮ್ಮಿನ ಹೆಸರು ಕೂಗಿ ನಕ್ಕಿದ್ದಳಂತೆ. ಅದರ ಪ್ರತಿ ಅದೊಂದೇ. ಆಕೆಯ ದನಿ ಬೇರೆ ಎಲ್ಲಿಯೂ ಇಲ್ಲ. ಪೂರ್ತಿ ಮರೆಯುವುದರೊಳಗೆ ಅದನ್ನು ಒಮ್ಮೆ ಕೇಳಬೇಕು, ಕೇಳಿದ ಮೇಲೆ ಎಲ್ಲಿಗೆ ಕರೆದರೂ ಬರುತ್ತೇನೆ ಎಂದರು. ಆದರೆ ಅದು ಯಾವ ಪ್ಲೇಟು? ಎದುರಾಳಿಗೆ ಗೊತ್ತಾಗಬಾರದೆಂದು ಮಾಡಿದ್ದು ಈಗ ಅವರಿಗೇ ಗೊತ್ತಾಗದು.

ಹುಡುಕಬೇಕೆಂದರೆ ಹಾಕಿಯೇ ನೋಡಬೇಕು. ಅಲ್ಲಿಯೇ ಇದ್ದದ್ದು ಕಷ್ಟ. ಸ್ಟುಡಿಯೋದಲ್ಲಿ ಒಂದೊಂದಾಗಿ ಕೊರೆದ ಆ ಪ್ಲೇಟುಗಳ ಮೈ ಬಹಳ ಮೆತ್ತಗೆ. ಮುಳ್ಳು ಇಟ್ಟಷ್ಟೂ ಸವೆಯುತ್ತವೆ. ಹೀಗಾಗಿ ಅವರು ಮಗಳಿಗೆ ಮುಳ್ಳನ್ನು ಅಂಚಿನಲ್ಲಿಟ್ಟು, ಮೊದಲ ಪೆಟ್ಟು ಕೇಳಿದೊಡನೆ ಎತ್ತಲು ಹೇಳುತ್ತಿದ್ದರು. ಶುರುವಿನ ವಾರಗಳಲ್ಲಿ ಆ ಒಂದು ಪೆಟ್ಟಿಗೇ ಅವರು, "ಇದು ಬರ್ಮಿಂಗ್‌ಹ್ಯಾಮ್‌ನಾಗ ಹಾಕಿದ್ದು, ಎದುರಿನವ್ರು ವೈರ್ ಸುತ್ತಿಕೊಂಡು ಮನಿಗೆ ಹೋದ್ರು," ಎಂದು ಹೇಳಿ ಖುಷಿಪಡುತ್ತಿದ್ದರು. ವಾರ ಕಳೆದಂತೆ ಕತೆಗಳು ಕಡಿಮೆಯಾದವು. ಆಮೇಲೆ ಬರೀ "ಅಲ್ಲ" ಎನ್ನುತ್ತಿದ್ದರು. ಮಗಳು ಎತ್ತುವಳು, ಇನ್ನೊಂದು ಇಡುವಳು, "ಅಲ್ಲ."

ಕೊನೆಯ ಗುರುವಾರ ಅಡುಗೆಮನೆಯಲ್ಲಿ ಮಗಳು ನನಗೆ ಮೆಲ್ಲಗೆ, "ಆಂಟಿ, ಸೋಮವಾರ ಸಾಮಾನ ಒಯ್ಯಾಕ ವ್ಯಾನ್ ಬರತದ. ಸಿಗಲಿಲ್ಲಂದ್ರ ನಾ ಅವ್ರನ್ನ ಹೆಂಗ ಎಬ್ಬಿಸಲಿ?" ಎಂದಳು. ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಅವಳನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋದೆ.

ಆ ಗುರುವಾರವೇ ಸಿಕ್ಕಿತು. ಮುಳ್ಳು ಇಟ್ಟೊಡನೆ ಬಾಣಲೆಯ ಎಣ್ಣೆಯಂತೆ ಚರಪರ ಸದ್ದು, ಅದರ ಹಿಂದೆ ಒಂದು ಹೆಣ್ಣುದನಿ. ಮಗಳ ಕೈ ಗಾಳಿಯಲ್ಲೇ ನಿಂತಿತು. ಅವಳ ಮುಖ ನೋಡಿಯೇ ನನಗೆ ತಿಳಿಯಿತು.

"ಎತ್ತು. ಸುಮ್ಮನ ಸವೀತದ," ಎಂದರು ಅವರು.

"ಡ್ಯಾಡಿ, ಮಮ್ಮಿ."

"ಅಲ್ಲ. ಯಾರೋ ಬ್ಯಾರೆ ಹೆಣಮಗಳು. ಆಕಿ ಕೂಗಿದ ಮ್ಯಾಲೆ ನಗತಾಳ."

ಅಷ್ಟರಲ್ಲಿ ಆ ದನಿ ನಕ್ಕಿತು. ಸವೆದ ನಗು, ಬಾಗಿಲ ಸಂದಿಯಿಂದ ಕೇಳಿದ ಹಾಗೆ. ಆದರೆ ನಗುವೇ. ಮಗಳು ಮುಳ್ಳು ಎತ್ತಲಿಲ್ಲ. ತಾಳ ಬಂತು, ಗುಡುಗು ಬಂತು. ನಡುನಡುವೆ ಅದೇ ನಗು ತುಂಡುತುಂಡಾಗಿ ಎದ್ದು ದೂರ ಹೋಗಿ ಕರಗುತ್ತಿತ್ತು. ಅವರು ಕಣ್ಣು ಮುಚ್ಚಿ ತಲೆದೂಗುತ್ತಾ ಕೊನೆಯತನಕ ಕೇಳಿದರು. ಮಗಳು ಅವರ ಮುಖವನ್ನೇ ನೋಡುತ್ತಿದ್ದಳು.

ಮುಗಿದ ಮೇಲೆ ಕಣ್ಣು ಬಿಟ್ಟು, "ಚಲೋ ಮಾಡ್ಯಾನ. ಯಾರ ಕೈ ಇದು?" ಎಂದರು.

"ನಿಂದ, ಡ್ಯಾಡಿ."

"ಏ, ಸುಳ್ಳ ಹೇಳಬ್ಯಾಡ. ನಂದಾಗಿದ್ರ ನನಗ ಗೊತ್ತಾಗತಿದ್ದಿಲ್ಲೇನ?"

ಮಗಳು ನನ್ನ ಕಡೆ ತಿರುಗಿದಳು. ನಾನು ಹೋಗಿ ಅವರ ಪಕ್ಕದಲ್ಲಿ ಕೂತು, "ಬ್ರದರ್, ಅದು ನಿಮ್ಮ ಮನಿಯವ್ರ ದನಿ ಅಂತ್ರಿ," ಎಂದೆ. ಅವರು ನನ್ನ ಕೈ ತಟ್ಟಿ, "ನೀವು ಆಕಿನ್ನ ನೋಡೇ ಇಲ್ಲಲ್ಲ, ಸಿಸ್ಟರ್," ಎಂದರು. ಖರೇ ಮಾತು.

ಮಗಳು ಪ್ಲೇಟನ್ನು ಕವರಿಗೆ ಹಾಕಿ, ಪೆನ್ನು ತೆಗೆದು ಅದರ ಮೇಲೆ ಅವ್ವನ ಹೆಸರು ಬರೆಯಲು ಹೋದಳು. ಅವರು ಥಟ್ಟನೆ ಎದ್ದು ಅವಳ ಕೈ ಹಿಡಿದರು. ಅಷ್ಟು ಬಲ ಅವರಲ್ಲಿ ಇನ್ನೂ ಇದೆ ಎಂದು ನಮಗೆ ಗೊತ್ತಿರಲಿಲ್ಲ.

"ಬರೀಬ್ಯಾಡ! ಯಾರರೆ ನೋಡಿದ್ರ?"

ಅವಳು ಪೆನ್ನಿಗೆ ಕ್ಯಾಪ್ ಹಾಕಿ, ಆ ಪ್ಲೇಟನ್ನು ತನ್ನ ಚೀಲದಲ್ಲಿಟ್ಟುಕೊಂಡಳು. ಅವರು ಮತ್ತೆ ಕುರ್ಚಿಯಲ್ಲಿ ಕೂತು, ಗೋಡೆಯ ಕಡೆ ಕೈ ತೋರಿಸಿ, "ಮುಂದಿಂದು ಹಾಕು. ಆಕಿ ಸಿಗೂತನಕಾ ನಾ ಈ ಮನಿ ಬಿಟ್ಟು ಎಲ್ಲೂ ಬರಂಗಿಲ್ಲ," ಎಂದರು.

ಮಗಳು ಸಾಲಿನಿಂದ ಇನ್ನೊಂದನ್ನು ಎಳೆದು, ಮುಳ್ಳನ್ನು ಅಂಚಿನಲ್ಲಿಟ್ಟಳು.

"ಅಲ್ಲ," ಎಂದರು.